ಮೂರನೇ ತೊಟ್ಟಿಯ ಸವೇತಕ್ಕ

ನಮ್ಮ ಸವೇತಕ್ಕನನ್ನು ಕೆಲಸ ಕೆಡಿಸಿದವಳು ಅಂತ ಹೇಳಿ ಕಾರ್ಖಾನೆಯಿಂದ ಹೊರಗೆ ಹಾಕಿದರು. ನಲವತ್ತು ವರ್ಷ ಸೆಣಬು ತೊಳೆದ ಕೈ ಅವಳದು. ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ ನನಗೆ.

ಸೋಮೆಶ್ ಹೊಳೆಯ ಈ ದಡದಲ್ಲಿ ಸೆಣಬು ತೊಳೆಯೋದನ್ನು ಯಾರೂ ಶಾಲೆಯಲ್ಲಿ ಕಲಿತವರಲ್ಲ. ಸವೇತಕ್ಕ ಕಲಿತದ್ದು ಅಜ್ಜಿಯ ಹತ್ತಿರ. ನಾರಿನ ಲಡಿಗಳನ್ನು ಮರದ ಬಾನಿಯಲ್ಲಿಟ್ಟು, ಮೇಲೆ ಬಟ್ಟೆ ಹಾಸಿ, ಒಲೆಯ ಬೂದಿ ಸುರಿದು ಕುದಿನೀರು ಹೊಯ್ಯಬೇಕು. ಆಮೇಲೆ ಹೊಳೆಯಲ್ಲಿ ಜಾಲಾಡಬೇಕು, ಬೆರಳ ಸಂದಿಯಲ್ಲಿ ನಾರು ಜಾರೋದು ನಿಲ್ಲುವ ತನಕ; ಜಾರಿದರೆ ಬೂದಿಯ ಕ್ಷಾರ ಇನ್ನೂ ಉಳಿದಿದೆ ಅಂತ. ಕೊನೆಗೆ, ಅಳಿದುಳಿದ ಕ್ಷಾರ ಮುರಿಯಲು, ಎಲೆಕೋಸು ಹುಳಿಹಾಕಿದ ಪೀಪಾಯಿಯ ನೀರಲ್ಲಿ ಒಂದು ಮುಳುಗು. ಜಾರುವ ನಾರನ್ನು ಒಣಹಾಕಿದ ಸೊಸೆಯನ್ನು ನಮ್ಮೂರಲ್ಲಿ ಹತ್ತು ವರ್ಷವಾದರೂ ಆಡಿಕೊಳ್ಳುತ್ತಾರೆ.

ಕಾರ್ಖಾನೆ ಬಂದಾಗ ಬೂದಿಯ ಜಾಗಕ್ಕೆ ಕಾಸ್ಟಿಕ್ ಸೋಡಾ ಬಂತು, ಪೀಪಾಯಿಯ ಜಾಗಕ್ಕೆ ವಿನಿಗರ್, ಅಷ್ಟೇ. ನಾರಿನ ಮೇಣ, ಅಂಟು ಎಲ್ಲ ಹೋಗಿ ಮೈ ತರಿತರಿಯಾದರೆ ಪ್ಲಾಸ್ಟಿಕ್ಕು ಅದನ್ನು ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ಎರಡನ್ನೂ ಸೇರಿಸಿ ಒತ್ತಿ ಕಾರಿನ ಬಾಗಿಲಿಗೆ ಒಳಹಲಗೆ ಮಾಡುತ್ತಾರೆ. ನಮ್ಮಲ್ಲಿ ಮೂರು ತೊಟ್ಟಿ, ತೊಟ್ಟಿಗೊಬ್ಬಳು ಹೆಂಗಸು. ಮೂರನೆಯದು ಸವೇತಕ್ಕನದು. ನಾನು ಒಟೀಲಿಯಾ. ಮೂಟೆಗಳ ಮೇಲೆ ತೊಟ್ಟಿಯ ನಂಬರು ಬರೆಯೋದು, ಬಂದ ಕಾಗದ ಓದಿ ಕಡತಕ್ಕೆ ಹಾಕೋದು ನನ್ನ ಕೆಲಸ.

ಹೋದ ವಸಂತದಲ್ಲಿ ಕ್ಲಾಡಿಯು ಅಂತ ಹೊಸ ಇಂಜಿನಿಯರ್ ಬಂದ. ನೀರು ಉಳಿಸಬೇಕು, ಹೊತ್ತು ಉಳಿಸಬೇಕು ಅನ್ನೋದೊಂದೇ ಅವನ ಜಪ.

"ಮೂರು ಸಲ ಯಾಕೆ ಜಾಲಾಡ್ತೀರಿ? ಒಂದು ಸಲ ಸಾಕು. ವಿನಿಗರ್ ಬೇಡ. ಸೋಡಾ ಎರಡರಷ್ಟು ಹಾಕಿ, ಅರ್ಧ ಹೊತ್ತಲ್ಲಿ ತೆಗೀರಿ," ಅಂದ.

"ನಾರು ಸುಟ್ಟುಹೋಗುತ್ತೆ ಸಾರ್," ಅಂದಳು ಸವೇತಕ್ಕ.

"ಬೆಂಕಿ ಎಲ್ಲಿದೆ ಸವೇತಮ್ಮ?" ಅಂತ ನಕ್ಕ.

"ಬೆಂಕಿ ಇಲ್ಲದೇನೂ ಸುಡುತ್ತೆ. ನೋಡಿ," ಅಂತ ಸಿಪ್ಪೆ ಎದ್ದ ಬೆರಳು ಚಾಚಿದಳು. ಅವನು ಮೊಬೈಲು ನೋಡುತ್ತಿದ್ದ.

ಉಳಿದ ಇಬ್ಬರು ಹೇಳಿದ ಹಾಗೆ ಮಾಡಿದರು. ಸವೇತಕ್ಕ ಮಾಡಲಿಲ್ಲ. ಸೋಡಾ ಹಳೇ ಅಳತೆಯಲ್ಲೇ ಹಾಕಿದಳು, ಕೆಲಸ ಬಿಡೋ ಗಂಟೆ ಹೊಡೆದ ಮೇಲೂ ನಿಂತು ಮೂರು ಸಲ ಜಾಲಾಡಿದಳು. ವಿನಿಗರ್ ಕೊಡೋದು ನಿಲ್ಲಿಸಿದ್ದರಲ್ಲ, ದಿನಾ ಮನೆಯಿಂದ ಎರಡು ಕ್ಯಾನ್ ಎಲೆಕೋಸಿನ ಹುಳಿನೀರು ಹೊತ್ತು ತಂದಳು.

"ಏನಕ್ಕಾ, ಕಾರಿಗೆ ಊಟ ಹಾಕ್ತೀಯಾ? ಕೋಸಿನ ಎಲೇಲಿ ಮಾಂಸಾನೂ ತುಂಬಿ ಸರ್ಮಾಲೆ ಸುತ್ತಿಬಿಡು," ಅಂತ ರೇಗಿಸಿದೆವು.

"ನಗ್ರೇ, ನಗಿ. ಜಾರೋ ನಾರು ಕಳಿಸಿ ನಾನು ಯಾರಿಗೆ ಮುಖ ತೋರಿಸ್ಲಿ?" ಅಂದಳು.

ಶರತ್ಕಾಲದಲ್ಲಿ ಹಲಗೆ ಒತ್ತುವವರ ಕಾಗದ ಬಂತು. ಒಡೆದು ಓದಿದವಳು ನಾನೇ. ಒಂದನೇ, ಎರಡನೇ ತೊಟ್ಟಿಯ ನಾರು ಪುಡಿಪುಡಿ, ಹಲಗೆ ಪದರ ಬಿಡುತ್ತಿದೆ. ಮೂರನೇ ತೊಟ್ಟಿಯದು ಗಟ್ಟಿಯಾಗಿದೆ, ಕೊಂಚ ಹುಳಿ ವಾಸನೆ ಇದೆ. ಇಷ್ಟೇ ಇದ್ದದ್ದು. ಆ ಮಹಾನುಭಾವನಿಗೆ ಕಂಡದ್ದು ವಾಸನೆ ಒಂದೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂತಾರಲ್ಲ, ಹಾಗಾಯಿತು.

ಎಲ್ಲರನ್ನೂ ತೊಟ್ಟಿಗಳ ಹತ್ತಿರ ನಿಲ್ಲಿಸಿದ. ಕೈಯಲ್ಲೊಂದು ಬರಹ: ಅಪ್ಪಣೆಯಿಲ್ಲದೆ ಹುಳಿನೀರು ಸುರಿದು ಮಾಲು ಕೆಡಿಸಿದ್ದು ತಾನೇ ಅಂತ ಸವೇತಕ್ಕ ಒಪ್ಪಿ ಸಹಿ ಹಾಕಬೇಕು.

"ಸಹಿ ಹಾಕಿ, ಬರೀ ಎಚ್ಚರಿಕೆ ಕೊಟ್ಟು ಬಿಡ್ತೀನಿ. ಇಲ್ಲಾಂದ್ರೆ ಇವತ್ತೇ ಮನೆಗೆ," ಅಂದ.

ಸವೇತಕ್ಕ ಪೆನ್ನು ಮುಟ್ಟಲಿಲ್ಲ. ಎರಡನೇ ತೊಟ್ಟಿ ತೋರಿಸಿದಳು. "ಒಂದೇ ಸಲ ಜಾಲಾಡಿದ ನೀರು ಅದು. ಅಷ್ಟೇ ಸಾಕು ಅಂತೀರಲ್ಲ, ಕೈ ಹಾಕಿ ಸಾರ್. ಕೈ ಹಾಕಿ ನೂರು ಎಣಿಸಿ. ಆಮೇಲೆ ಸಹಿ ಹಾಕ್ತೀನಿ."

ಅವನು ಕೈಯನ್ನು ಜೇಬಿಗೆ ಹಾಕಿಕೊಂಡ. ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವ ಜಾತಿ. ಸವೇತಕ್ಕ ಏಪ್ರನ್ ಬಿಚ್ಚಿ, ಮಡಿಸಿ, ತೊಟ್ಟಿಯ ಅಂಚಿಗಿಟ್ಟು ಹೊರಟುಹೋದಳು.

ಕಾಗದ ಪೂರ್ತಿ ಓದಿದ್ದ ನಾನು? ಬಾಯಿಗೆ ಬೀಗ ಹಾಕಿಕೊಂಡು ನಿಂತಿದ್ದೆ. ಅವನ ಮೇಲೆ ಎಷ್ಟು ಸಿಟ್ಟಿದೆಯೋ, ಅದರ ಎರಡರಷ್ಟು ನನ್ನ ಮೇಲಿದೆ. ಅವಳ ಮನೆ ಮುಂದೆ ಹಾಯಲಾರದೆ ತಿಂಗಳುಗಟ್ಟಲೆ ಹಿಂದಿನ ದಾರಿಯಲ್ಲಿ ಓಡಾಡಿದೆ.

ಕ್ರಿಸ್‌ಮಸ್ಸಿಗೆ ಮುಂಚೆ ವಿನಿಗರ್ ಪೀಪಾಯಿಗಳು ವಾಪಸ್ ಬಂದವು. ಜೊತೆಗೆ, ಗೋಡೆಗೆ ತೂಗುಹಾಕಲು ಗಾಜಿನ ಚೌಕಟ್ಟು ಹಾಕಿಸಿದ ಹಾಳೆಯಲ್ಲಿ, ತೊಳೆಯುವ ಹೊಸ ವಿಧಾನ. ಅದನ್ನು ನೋಡಲೆಂದೇ ದೊಡ್ಡ ಆಫೀಸಿನವರು ಬಂದಿದ್ದರು. ಎಲ್ಲರಿಗೂ ಕೇಳುವ ಹಾಗೆ ಓದು ಅಂತ ನನ್ನನ್ನು ನಿಲ್ಲಿಸಿದರು.

ಓದಿದೆ. ಸೋಡಾ ಹಳೇ ಅಳತೆ. ಮೂರು ಸಲ ಜಾಲಾಟ. ಕೊನೆಗೆ ಹುಳಿಯಲ್ಲಿ ಮುಳುಗು. ಬೆರಳಿಗೆ ಜಾರಬಾರದು. ಅಯ್ಯೋ, ಅವಳ ಮಾತೇ, ಒಂದಕ್ಷರ ಆಚೀಚೆ ಇಲ್ಲ. ಕೆಳಗೆ, ವಿಧಾನ ರೂಪಿಸಿದವರು ಅನ್ನೋ ಕಡೆ, ಇಂಜಿನಿಯರ್ ಕ್ಲಾಡಿಯು ಅಂತಿತ್ತು.

"ವಿಧಾನ ರೂಪಿಸಿದವರು, ಸವೇತಾ, ಮೂರನೇ ತೊಟ್ಟಿ," ಅಂತ ಗಟ್ಟಿಯಾಗಿ ಓದಿದೆ.

ಕ್ಲಾಡಿಯುವಿನ ಮುಖ ಕೆಂಪಾಯಿತು. "ಅಲ್ಲಿ ಹಾಗೆ ಬರೆದಿಲ್ಲ," ಅಂದ.

"ಹೌದು ಸಾರ್," ಅಂದೆ. "ಬರೆದಿಲ್ಲ. ನಾನೂ ಅದನ್ನೇ ಹೇಳ್ತಿರೋದು."