ಬೀರುವಿನ ಮೇಲಿನ ಅಂಚೆ ಕಚೇರಿ

ಚಳ್ಳಕೆರೆಯ ನಮ್ಮ ಬಾಡಿಗೆ ಮನೆಯ ಬೀರುವಿನ ಮೇಲೆ ಒಂದು ಹಳೆಯ ಕಂಪ್ಯೂಟರ್ ಸದಾ ಗುಂಯ್‌ಗುಡುತ್ತಿತ್ತು. ಅದು ನನ್ನ ಸ್ವಂತ ಇಮೇಲ್ ಸರ್ವರ್. ಊರೆಲ್ಲ ದೊಡ್ಡ ಕಂಪನಿಗಳ ಪುಕ್ಕಟೆ ಇಮೇಲ್ ಬಳಸುವಾಗ ನಾನೊಬ್ಬ ನನ್ನದೇ ವಿಳಾಸ ಮಾಡಿಕೊಂಡು, ಮನೆಯ ಇಂಟರ್ನೆಟ್ಟಿನ ಮೇಲೆಯೇ ಪತ್ರ ಕಳಿಸುವುದು, ತರಿಸಿಕೊಳ್ಳುವುದು ಮಾಡುತ್ತಿದ್ದೆ. ಐಟಿಐನಲ್ಲಿ ಎಲೆಕ್ಟ್ರಾನಿಕ್ಸ್ ಹೇಳಿಕೊಡುವವನಿಗೆ ಇಷ್ಟೂ ಬಾರದಿದ್ದರೆ ಹೇಗೆ ಎಂಬ ಜಂಬ. ಆ ಜಂಬ ನೆನೆದರೆ ಈಗ ನನ್ನ ಮೇಲೆ ನನಗೇ ಹೇಸಿಗೆ.

ಹಿಂದಿನ ಬೀದಿಯಲ್ಲಿ ಎಣ್ಣೆ ಮಿಲ್ಲು. ಕಿಟಕಿ ಮುಚ್ಚಿದರೂ ಶೇಂಗಾ ಸಿಪ್ಪೆಯ ಧೂಳು ಒಳಗೆ ಬಂದು ಕಂಪ್ಯೂಟರಿನ ಫ್ಯಾನಿಗೆ ಎಣ್ಣೆಜಿಡ್ಡಿನ ಜೊತೆ ಮೆತ್ತಿಕೊಳ್ಳುತ್ತಿತ್ತು. ವಾರಕ್ಕೊಮ್ಮೆ ಹಳೇ ಹಲ್ಲುಜ್ಜುವ ಬ್ರಷ್ಷಿನಲ್ಲಿ ಕೆರೆಯುತ್ತಿದ್ದೆ. ಕರೆಂಟು ಹೋದರೆ ಯುಪಿಎಸ್ ಕಿರುಚುತ್ತಿತ್ತು. ಅದನ್ನೆಲ್ಲ ಸಹಿಸಬಹುದು. ದೊಡ್ಡ ಕಂಪನಿಗಳ ಠೇಂಕಾರ ಮಾತ್ರ ಸಹಿಸಲಾಗುತ್ತಿರಲಿಲ್ಲ. ಮನೆಯ ಲೈನಿನಿಂದ ಹೊರಟ ಪತ್ರವೆಂದರೆ ಅವರ ಕಣ್ಣಿಗೆ ಕಳ್ಳರ ಪತ್ರ. ಅದೇ ಲೈನಿನಲ್ಲಿ ಯಾವನೋ ಎಂದೋ ಮೋಸದ ಪತ್ರ ಕಳಿಸಿದ್ದಕ್ಕೆ ಇಡೀ ಓಣಿಗೇ ಬಹಿಷ್ಕಾರ. ಬಾಗಿಲಲ್ಲೇ ಬೇಡ ಅಂದರೆ ಅದೂ ಒಂದು ಮರ್ಯಾದೆ. ಇವರು ‘ತಲುಪಿತು’ ಎಂದು ನನ್ನ ಸರ್ವರಿಗೆ ಉತ್ತರ ಕೊಟ್ಟು, ಒಳಗೊಯ್ದು ಕಸದ ಪೆಟ್ಟಿಗೆಗೆ ಹಾಕುತ್ತಿದ್ದರು. ನೆರೆಮನೆಯವರು ಕೊಟ್ಟ ಹೋಳಿಗೆಯನ್ನು ನಗುನಗುತ್ತ ಇಸಿದುಕೊಂಡು ಹಿತ್ತಲಲ್ಲಿ ನಾಯಿಗೆ ಹಾಕಿದ ಹಾಗೆ. ನನ್ನ ರಜಾ ಅರ್ಜಿಯನ್ನು ಪ್ರಿನ್ಸಿಪಾಲರು ನೋಡಲೇ ಇಲ್ಲ. ಥೂ ಇವರ ಜನ್ಮಕ್ಕೆ ಎಂದು ಎಷ್ಟು ಸಲ ಉಗಿದೆನೋ.

ಇಷ್ಟಾದರೂ ಬುದ್ಧಿ ಬರಲಿಲ್ಲ. ಅಕ್ಕನಿಗೂ ಅದರಲ್ಲೇ ಒಂದು ವಿಳಾಸ ಮಾಡಿಕೊಟ್ಟೆ.

ಅಕ್ಕನನ್ನು ಕೊಟ್ಟಿದ್ದು ಮೊಳಕಾಲ್ಮುರಿಗೆ. ಮಗ್ಗ ಕಲಿತಿದ್ದು ಗಂಡನ ಮನೆಯಲ್ಲಿ. ರೇಷ್ಮೆ ಮಾಲೀಕನದು, ನಮೂನೆ ಮಾಲೀಕನದು, ಸೀರೆ ಚೆನ್ನಾಗಿ ಬಂದರೆ ಹೆಸರೂ ಮಾಲೀಕನದೇ, ಅಕ್ಕನಿಗೆ ಕೂಲಿ. ಆ ವರ್ಷ ಮೊದಲ ಸಲ ತಾನೇ ರೇಷ್ಮೆ ತಂದು, ಮೂರು ಸೀರೆಗಾಗುವಷ್ಟು ಉದ್ದನೂಲು, ನೇಕಾರರು ಹಾಸು ಅನ್ನುತ್ತಾರಲ್ಲ, ಅದನ್ನು ಮಗ್ಗಕ್ಕೇರಿಸಿದ್ದಳು. ದಾವಣಗೆರೆಯಿಂದ ಬಂದ ಒಬ್ಬ ಮೇಡಂ ಅವಳ ಕೈಕೆಲಸ ನೋಡಿ, ಮಗಳ ಮದುವೆಗೆ ಮೂರೂ ತಮಗೇ ಇರಲಿ, ಅಂಚು, ಸೆರಗಿನ ನಮೂನೆಗಳ ಫೋಟೋ ಕಳಿಸಿ, ಆರಿಸಿ ಹೇಳುತ್ತೇವೆ ಎಂದು ತಮ್ಮ ಇಮೇಲ್, ಫೋನ್ ನಂಬರ್ ಬರೆದುಕೊಟ್ಟು ಹೋದರು. ಅವರು ಅಕ್ಕನ ನಂಬರ್ ಕೇಳಿದಾಗ ಅಲ್ಲೇ ಇದ್ದ ನಾನು, ಇಮೇಲ್ ಸಾಕು ಮೇಡಂ ಎಂದು ಅಕ್ಕನ ಹೆಸರಿನ ಹೊಸ ವಿಳಾಸವನ್ನು ದೊಡ್ಡದಾಗಿ ಬರೆದುಕೊಟ್ಟೆ.

ಫೋಟೋಗಳನ್ನು ನಾನೇ ಕಳಿಸಿದೆ. ತಲುಪಿತು ಎಂದು ಅವರ ಇಮೇಲ್ ಕಂಪನಿಯ ಸರ್ವರಿನಿಂದ ಉತ್ತರವೂ ಬಂತು. ಒಂದು ವಾರ ಕಳೆಯಿತು, ಎರಡು ವಾರ ಕಳೆಯಿತು, ಮೇಡಮ್ಮಿನ ಸುದ್ದಿಯಿಲ್ಲ. ಯಾವ ಅಂಚು ಎಂದು ತಿಳಿಯದೆ ನೇಯುವ ಹಾಗಿಲ್ಲ. ಒಬ್ಬರಿಗೆ ಮಾತು ಕೊಟ್ಟ ಹಾಸಿನಲ್ಲಿ ಇನ್ನೊಬ್ಬರಿಗೆ ನೇಯುವುದು ಅಕ್ಕನಿಂದ ಆಗದ ಕೆಲಸ. ಮಾಲೀಕ ಎರಡು ಸಲ ಬಂದು, ಸುಮ್ಮನೆ ಯಾಕೆ ಮಗ್ಗ ನಿಲ್ಲಿಸಿದ್ದೀಯಮ್ಮ ಎಂದು ಕೇಳಿ ಹೋದ. ನೀನೇ ಫೋನ್ ಮಾಡಿ ಕೇಳು ಎಂದು ನಾನು ಹೇಳಿದೆ. ಅಕ್ಕ ಒಪ್ಪಲಿಲ್ಲ.

“ನೇಯೋರು ಮೊದ್ಲು ಕೇಳಬಾರ್ದು ಕಣಪ್ಪ. ಕೇಳಿದ್ರೆ ಕೈ ಕೆಳಗಾಗ್ತೈತೆ. ಬೇಕಾದೋರು ಅವರೇ ಕೇಳ್ತಾರೆ.”

ಆಗ ನಾನು ಅವಳಿಗೆ ದೊಡ್ಡದೊಂದು ಭಾಷಣ ಬಿಗಿದೆ. ತಪ್ಪೆಲ್ಲ ಆ ಕಂಪನಿಗಳದು, ಬಡವರ ಮನೆಯಿಂದ ಹೋದ ಪತ್ರವನ್ನು ಅವರು ಕಸಕ್ಕೆ ಹಾಕುತ್ತಾರೆ, ಮೇಡಂ ನಮ್ಮ ಫೋಟೋ ನೋಡಿಯೇ ಇರುವುದಿಲ್ಲ, ನೋಡಿದ್ದರೂ ದೊಡ್ಡವರ ಸೊಕ್ಕು ಬೇರೆ. ಅಕ್ಕ ನಂಬಿದಳು. ಬೀದಿಯ ನಾಲ್ಕು ಮನೆಯವರಿಗೆ ನನ್ನ ಮಾತನ್ನೇ ಹೇಳಿದಳು. ಆ ಮೇಡಮ್ಮಿಗೂ ಸಾಕಷ್ಟು ಬೈದಳು. ಕೊನೆಗೆ ಹಾಸನ್ನು ಹಾಗೇ ಮಾಲೀಕನಿಗೆ ಒಪ್ಪಿಸಿ, ತನ್ನ ರೇಷ್ಮೆಯ ಮೇಲೆ ಅವನ ನಮೂನೆ ನೇಯಲು ಕೂತಳು.

ಅದಾಗಿ ಸ್ವಲ್ಪ ದಿನಕ್ಕೆ ನನ್ನ ಸರ್ವರಿನಲ್ಲಿ ಜಾಗ ತುಂಬಿತು. ಒಂದು ಭಾನುವಾರ ಬೆಳಗ್ಗೆ ನಮ್ಮದೇ ಕಸದ ಪೆಟ್ಟಿಗೆ ಖಾಲಿ ಮಾಡಲು ಕೂತೆ. ಲಾಟರಿ ಹೊಡೆಯಿತು ಎನ್ನುವವರು, ಬೋಳುತಲೆಗೆ ಕೂದಲು ಬರಿಸುವವರು, ನಾಚಿಕೆಗೆಟ್ಟ ಔಷಧಿ ಮಾರುವವರು. ಅವರ ನಡುವೆ ಅಕ್ಕನ ಹೆಸರಿಗೆ ಬಂದ ಮೂರು ಪತ್ರ. ಮೂರೂ ದಾವಣಗೆರೆಯ ಮೇಡಮ್ಮಿನವು.

ನಮ್ಮ ಪತ್ರ ಅವರಿಗೆ ಸಲೀಸಾಗಿ ತಲುಪಿತ್ತು. ಅವರ ಉತ್ತರವನ್ನು ಕಸಕ್ಕೆ ಹಾಕಿದ್ದು ನನ್ನ ಸರ್ವರು. ರಜಾ ಅರ್ಜಿ ಕಸಕ್ಕೆ ಬಿದ್ದ ದಿನ ಸಿಟ್ಟಿನಲ್ಲಿ ನಾನೇ ಒಂದು ನಿಯಮ ಬರೆದಿದ್ದೆ: ಆ ಕಂಪನಿಗಳ ಪುಕ್ಕಟೆ ಇಮೇಲಿನಿಂದ ಹೊಸಬರು ಯಾರೇ ಬರೆಯಲಿ, ನಾನು ಒಪ್ಪಿಗೆ ಕೊಡುವ ತನಕ ಅವರ ಪತ್ರವೆಲ್ಲ ಸೀದಾ ಕಸಕ್ಕೆ. ಬರೆದು ಎರಡು ದಿನ ಹಿಗ್ಗಿದ್ದೆ, ಆಮೇಲೆ ಮರೆತಿದ್ದೆ. ಅವರ ಸರ್ವರಿಗೂ ನಾನು ‘ತಲುಪಿತು’ ಎಂದೇ ಉತ್ತರ ಕೊಟ್ಟಿದ್ದೆ. ಬಾಯಿಗೆ ಜಿಡ್ಡು ಧೂಳು ಹೊಕ್ಕ ಹಾಗಾಗಿ, ಎದ್ದುಹೋಗಿ ಬಾಯಿ ಮುಕ್ಕಳಿಸಿ ಬಂದೆ.

ಮೂರು ಪತ್ರಗಳನ್ನೂ ಅಳಿಸಿಬಿಡಬಹುದಿತ್ತು. ಅಕ್ಕ ಹೇಗೂ ಕಂಪನಿಗಳಿಗೆ ಬೈಯುತ್ತಿದ್ದಳು. ಬೆರಳು ಅಳಿಸುವ ಗುಂಡಿಯ ಮೇಲೆ ಸ್ವಲ್ಪ ಹೊತ್ತು ಇತ್ತು ಎಂಬುದನ್ನು ಮುಚ್ಚಿಡುವುದಿಲ್ಲ. ಆಮೇಲೆ ಪತ್ರಗಳನ್ನು ಫೋನಿಗೆ ಇಳಿಸಿಕೊಂಡು ಮೊಳಕಾಲ್ಮುರಿನ ಬಸ್ಸು ಹತ್ತಿದೆ.

ಅಕ್ಕ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದಳು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವಳು ಲಾಳಿ ಕೆಳಗಿಟ್ಟು, ಓದು ಅಂದಳು. ಮೊದಲನೆಯದರಲ್ಲಿ ಮೇಡಂ ಮೂರು ಸೀರೆಗೂ ಅಂಚು ಆರಿಸಿ ಬರೆದಿದ್ದರು. ಎರಡನೆಯದರಲ್ಲಿ, ಮದುವೆ ಹತ್ತಿರ ಬಂತು, ದಯವಿಟ್ಟು ತಿಳಿಸಿ ಎಂದಿದ್ದರು. ಮೂರನೆಯದು ಎರಡೇ ಸಾಲು: ನಿಮಗೆ ಇಷ್ಟವಿಲ್ಲ ಎಂದು ಕಾಣುತ್ತದೆ, ನಾನು ಏನಾದರೂ ತಪ್ಪು ಮಾತಾಡಿದ್ದರೆ ಕ್ಷಮಿಸಿ.

ಅಕ್ಕ ಆ ಸಾಲನ್ನು ಇನ್ನೊಮ್ಮೆ ಓದಿಸಿದಳು.

“ಮೂರು ಸಲ ಕೇಳವ್ರಾ? ನಾನು ಬೈಕೊಂಡು ಕೂತಿದ್ನಲ್ಲಪ್ಪ,” ಅಂದಳು. ನಾನು ಈಗಲೇ ಪತ್ರ ಬರೆಯುತ್ತೇನೆ ಅಂದೆ. “ನಿನ್ ಪತ್ರ ಬ್ಯಾಡ. ಫೋನ್ ಹಚ್ಚು.”

ಹಚ್ಚಿಕೊಟ್ಟೆ. ಮೇಡಂ ಎತ್ತಿದರು. ಮದುವೆ ಮುಗಿದು, ಸೀರೆಗಳನ್ನು ಬೇರೆ ಕಡೆ ತಗೊಂಡಿದ್ದು ಆಯಿತಂತೆ. ಮಗಳು, ಅಳಿಯನಿಗೆ ಒಳ್ಳೆಯದಾಗಲಿ ಎಂದಳು ಅಕ್ಕ. ಯಾಕೆ ಉತ್ತರ ಕೊಡಲಿಲ್ಲ ಎಂದು ಆ ಕಡೆಯಿಂದ ಕೇಳಿದ್ದು ನನಗೂ ಕೇಳಿಸಿತು. ಅಕ್ಕ ನನ್ನ ಕಡೆ ನೋಡಲಿಲ್ಲ.

“ನಿಮ್ ಕಾಗ್ದ ಎಲ್ಲಾ ಬಂದಿದ್ವು ರೀ ಮೇಡಂ. ನಾನೇ ನೋಡಿರ್ಲಿಲ್ಲ. ತಪ್ಪು ನಂದೇ.”

ನಾನು ಎರಡು ಮೊಳ ದೂರದಲ್ಲಿ ಕೂತಿದ್ದೆ. ಕೈಚಾಚಿ ಫೋನ್ ಇಸಿದುಕೊಂಡು, ಅಲ್ಲ, ತಪ್ಪು ನನ್ನದು ಎನ್ನಬಹುದಿತ್ತು. ಅನ್ನಲಿಲ್ಲ.