‘ಬಾ’ ಎಂದು ಕರೆದವರು

ಮೈಕಿನ ಕಾಕಾನ ಎಡಗಿವಿ ಒಣದ್ರಾಕ್ಷಿಯ ಹಾಗೆ ಮುರುಟಿಕೊಂಡಿತ್ತು. ಹರೆಯದಲ್ಲಿ ಕುಸ್ತಿ ಆಡಿದ ಗುರುತು ಅದು. ಮಣ್ಣಿನಲ್ಲಿ ಉಜ್ಜಿ ಉಜ್ಜಿ ಕಿವಿಯ ಹಾಲೆ ಗಂಟಾಗಿ, ಒಳಗೆ ತೂತು ಇದೆಯೋ ಇಲ್ಲವೋ ಎಂದು ಅನುಮಾನ ಬರುತ್ತಿತ್ತು. ಆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಅದಕ್ಕೇ ಇರಬೇಕು, ಎದುರಿಗೆ ಕೂತವರ ಜೊತೆಗೂ ಅವರು ಓಣಿಯ ಆಚೆ ತುದಿಗೆ ಕೇಳುವ ಹಾಗೆ ಮಾತಾಡುತ್ತಿದ್ದರು. “ನಮ್ಮ ಮನಿ ಸಾರಿಗೆ ಉಪ್ಪ ಹೆಚ್ಚಾದ್ರ ಊರಿಗೆಲ್ಲಾ ಗೊತ್ತಾಗತೈತಿ ನೋಡವ್ವಾ,” ಎಂದು ಅವರ ಹೆಂಡತಿ ಕಾಕು ನನ್ನ ಮುಂದೆ ದೂರುತ್ತಿದ್ದರು. ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ಉಪ್ಪಿನ ಸುದ್ದಿ ನಮಗೆ ಎಲ್ಲರಿಗಿಂತ ಮೊದಲು ಮುಟ್ಟುತ್ತಿತ್ತು.

ಕಾಕಾ ಕುಸ್ತಿ ಮೈದಾನದ ನಿವೇದಕರು, ಅಂದರೆ ಮೈಕು ಹಿಡಿದು ಜೋಡಿಗಳ ಹೆಸರು, ಸೋಲು ಗೆಲುವು ಕೂಗುವವರು. ಅಥಣಿ, ರಾಯಬಾಗ, ನಿಪ್ಪಾಣಿ ಕಡೆ ಎಲ್ಲಿ ಕುಸ್ತಿ ಇದ್ದರೂ ಬಿಳಿ ಟೊಪ್ಪಿಗೆ ಹಾಕಿಕೊಂಡು, ಕಿಸೆಯಲ್ಲಿ ಒಂದು ಚೂರು ಬೆಲ್ಲ ಇಟ್ಟುಕೊಂಡು ಹೊರಡುತ್ತಿದ್ದರು. ಮೊದಲು ಕನ್ನಡದಲ್ಲಿ, ಆಮೇಲೆ “ಐಕಾ, ಮಂಡಳಿ” ಎಂದು ಮರಾಠಿಯಲ್ಲಿ. ಗಡಿಯ ಜಗಳ ಎಷ್ಟೇ ಕಾವೇರಿರಲಿ, ಅವರ ಎರಡು ಭಾಷೆಗಳ ತೂಕ ಒಂದೇ ಇರುತ್ತಿತ್ತು. ಕುಸ್ತಿ ಇಲ್ಲದ ದಿನಗಳಲ್ಲಿ ಆಟೊಗೆ ಧ್ವನಿವರ್ಧಕದ ಭೋಂಗಾ ಕಟ್ಟಿಕೊಂಡು ಊರೂರು ತಿರುಗುತ್ತಿದ್ದರು. ನಳದ ನೀರು ಬರುವ ಹೊತ್ತು, ತಪ್ಪಿಸಿಕೊಂಡ ಎಮ್ಮೆ, ಯಾರದೋ ಸಾವು, ಎಲ್ಲವೂ ಆ ಒಂದೇ ಕೊರಳಿನಿಂದ ನಮಗೆ ತಿಳಿಯಬೇಕು.

ಕುಸ್ತಿ ಮುಗಿದಾಗ ಅವರು ಸೋತವನ ಹೆಸರನ್ನು ಮೊದಲು ಹೇಳುತ್ತಿದ್ದರು. ಏಕೆಂದು ಕೇಳಿದ್ದಕ್ಕೆ, “ಗೆದ್ದಾವನ ಹೆಸರ ಮಂದಿ ತಾವ ಹೇಳ್ತಾರ ಮಗಳ. ಸೋತಾವಗ ನಾ ಒಬ್ಬನ ಅದೇನಿ,” ಎಂದಿದ್ದರು.

ಮೈದಾನಕ್ಕೆ ಹೆಣ್ಣುಮಕ್ಕಳು ಹೋಗುವ ರೂಢಿ ಇರಲಿಲ್ಲ. ನಾವು ಮಾಳಿಗೆಯ ಮೇಲೆ ನಿಂತು ಕೇಳುತ್ತಿದ್ದೆವು. ಒಂದು ಸಲ ಒಬ್ಬ ಪೈಲವಾನ ಎದುರಾಳಿಯ ತೋಳನ್ನು ತಿರುಚಿ ಹಿಡಿದಿದ್ದನಂತೆ. ಜನ ಹುಚ್ಚೆದ್ದು ಕೂಗುತ್ತಿದ್ದರು. ಆ ಗದ್ದಲವನ್ನು ಸೀಳಿಕೊಂಡು ಕಾಕಾನ ದನಿ ಬಂತು: “ಬಿಡಲೇ! ತೋಳ ಮುರೀತೈತಿ, ಬಿಡು!” ಮರುಕ್ಷಣ ಮೈದಾನವೇ ಸುಮ್ಮನಾಯಿತು. ಅವನು ಬಿಟ್ಟಿದ್ದ. ಅವತ್ತು ಬಹುಮಾನ ಕೊಡಲು ಬಂದಿದ್ದ ಪುಢಾರಿ, ಬಂದೋಬಸ್ತಿನ ಪೊಲೀಸರು, ಯಾರೂ ಚಕಾರ ಎತ್ತಲಿಲ್ಲ. ಮೈಕು ಯಾರ ಕೈಯಲ್ಲಿದೆಯೋ ಮೈದಾನ ಅವರ ಮಾತಿನಲ್ಲಿ ನಡೆಯಬೇಕು ಎನ್ನುವುದು ನಮ್ಮ ಸೀಮೆಯಲ್ಲಿ ಯಾರೂ ಬರೆದಿಡದ ಕಾನೂನು. ಕಾಕಾ ಆ ಕಾನೂನನ್ನು ನಂಬಿದ್ದರು, ಕೆಟ್ಟದ್ದೂ ಅದರಿಂದಲೇ.

ದ್ರಾಕ್ಷಿ ಒಣಗಿಸುವ ಹಂಗಾಮು. ಊರ ಹೊರಗಿನ ತೋಟದಲ್ಲಿ ಒಂದು ಒಣದ್ರಾಕ್ಷಿ ಶೆಡ್ಡು ಇತ್ತು, ಪಕ್ಕದಲ್ಲಿ ಒಂದು ಕೋಣೆ. ನದಿ ದಂಡೆಯ ಓಣಿಯ ಸಿದ್ದು ಅಲ್ಲಿ ಕೆಲಸಕ್ಕಿದ್ದ. ಅವನೂ ಒಂದೆರಡು ವರ್ಷ ಕುಸ್ತಿ ಆಡಿದವನೇ. ಕಾಕಾನ ಬಾಯಲ್ಲಿ ಹೆಚ್ಚಾಗಿ ಅವನ ಹೆಸರೇ ಮೊದಲು ಬರುತ್ತಿತ್ತು, ಪಾಪ. ಆ ಕೋಣೆಯನ್ನು ತೋಟದ ಮಾಲೀಕರು ಪರವೂರಿನ ಒಬ್ಬನಿಗೆ ಬಾಡಿಗೆಗೆ ಕೊಟ್ಟಿದ್ದರು, ಮಾಲು ಖರೀದಿಗೆ ಬಂದ ವ್ಯಾಪಾರಿ ಎಂದುಕೊಂಡು. ಅವನು ಪಿಸ್ತೂಲು ಸಾಗಿಸುವವನೆಂದು ದಿಲ್ಲಿಗೆ ಗೊತ್ತಿತ್ತು, ನಮಗೆ ಗೊತ್ತಿರಲಿಲ್ಲ. ಸಿದ್ದುವಿಗೂ ಗೊತ್ತಿರಲಿಲ್ಲವೆಂದೇ ನಾನು ಇಂದಿಗೂ ನಂಬುತ್ತೇನೆ.

ಒಂದು ಮುಂಜಾನೆ ದಿಲ್ಲಿಯ ಪೊಲೀಸರು ಶೆಡ್ಡಿಗೆ ಮುತ್ತಿಗೆ ಹಾಕಿದರು. ಒಳಗಿನವನು ಗುಂಡು ಹಾರಿಸಿದ. ಒಬ್ಬ ಪೊಲೀಸನ ಭುಜಕ್ಕೆ ತಗಲಿತು. ಸಿದ್ದುವೂ ಒಳಗೇ ಸಿಕ್ಕಿಕೊಂಡಿದ್ದ. ಬಿಸಿಲು ಏರಿದ ಮೇಲೆ ಜೀಪೊಂದು ಬಂದು ಕಾಕಾನನ್ನು ಹತ್ತಿಸಿಕೊಂಡು ಹೋಯಿತು. ಒಳಗಿದ್ದ ಕೂಲಿಯವನಿಗೆ ಅವನ ಮಾತಿನಲ್ಲಿ ಹೇಳುವವರು ಬೇಕಾಗಿತ್ತು.

ಮುಂದಿನದನ್ನು ಕಾಕಾ ನನಗೆ ಹೇಳಿದ್ದು ಬಹಳ ದಿನಗಳ ಮೇಲೆ, ಚಿಕ್ಕೋಡಿಯ ಬಸ್ಸಿನಲ್ಲಿ. ಆಗ ನಾನು ಚಿಕ್ಕೋಡಿಯ ಒಂದು ಶಾಲೆಯಲ್ಲಿ ಮಾಸ್ತರಿಕೆಗೆ ದಿನಾ ಹೋಗಿಬರುತ್ತಿದ್ದೆ, ಅವರು ವಿಚಾರಣೆಗೆ ಬರುತ್ತಿದ್ದರು. “ದೊಡ್ಡ ಸಾಹೇಬನ್ನ ಕೇಳಿದ್ನಿ ಮಗಳ. ಹೊರಗ ಬಂದ್ರ ಅವಗ ಏನೂ ಆಗೂದಿಲ್ಲಲ್ಲ, ಬಾಹರ್ ಆಯಾ ತೋ ಕುಛ್ ನಹೀ ಹೋಗಾ ನಾ ಅಂತ. ನಹೀ ಹೋಗಾ, ಬೋಲೋ ಅಂದ. ಮೈಕ್ ಕೈಯಾಗ ಕೊಟ್ಟ. ಮೈಕ್ ಕೊಟ್ರ ಮೈದಾನ ಕೊಟ್ಟಾಂಗ ಅಂತ ತಿಳಕೊಂಡ್ನಿ ನಾ.”

ಅವರು ಕೂಗಿದ್ದು ಊರ ಅಂಚಿನ ಮನೆಗಳಿಗೂ ಕೇಳಿಸಿತ್ತು. “ಸಿದ್ದಾ, ನಾ ಮಾತಾಡಾಕತ್ತೇನಿ. ಕೈ ಎರಡೂ ಮ್ಯಾಲ ಮಾಡಿ ಹೊರಗ ಬಾ. ಹೆದರಬ್ಯಾಡ. ನಾ ಇಲ್ಲೇ ಅದೇನಿ.” ಮರಾಠಿಯಲ್ಲೂ ಹೇಳಿದರು. ಸಿದ್ದುವಿಗೆ ಬೇಕಿರಲಿಲ್ಲ, ರೂಢಿ ಅಷ್ಟೇ.

ಸಿದ್ದು ಬಂದ. ಕೈ ಎರಡೂ ಮೇಲಿದ್ದವು, ಹೆಗಲ ಮೇಲೆ ಟವೆಲಿತ್ತು. ಹಿಂದಿನ ಕಿಟಕಿಯಿಂದ ಮತ್ತೊಂದು ಗುಂಡು ಹಾರಿತು ಎನ್ನುವವರಿದ್ದಾರೆ, ಹಾರಲಿಲ್ಲ ಎನ್ನುವವರೂ ಇದ್ದಾರೆ. ಆಮೇಲೆ ಎಲ್ಲ ಕಡೆಯಿಂದಲೂ ಹಾರಿದವು.

“ನಿಲ್ಲಸ್ರಿ ಅಂದೆ ಮಗಳ. ಮೈಕಿನಾಗ ಅಂದೆ. ರುಕೋ, ರುಕೋ ಅಂತ ಹಿಂದಿಯಾಗೂ ಒದರಿದೆ. ಯಾರೂ ನಿಲ್ಲಸಲಿಲ್ಲ.”

ಇಷ್ಟು ಹೇಳಿ ಅವರು ಕಿಟಕಿಯ ಕಡೆಗೆ ಮುಖ ಮಾಡಿದರು. ಅಷ್ಟು ಮೆಲ್ಲಗೆ ಅವರು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ನಾನು ಟಿಕೀಟು ಮಡಿಚುತ್ತ ಕೂತೆ.

ಮರುದಿನದ ಪೇಪರಿನಲ್ಲಿ ಇಬ್ಬರು ದುಷ್ಕರ್ಮಿಗಳು ಹತರಾದರು ಎಂದು ಬಂತು. ಒಬ್ಬ ಆ ಬಾಡಿಗೆಯವನು, ಇನ್ನೊಬ್ಬ ನಮ್ಮ ಸಿದ್ದು. ಸಿದ್ದುವಿನ ಅವ್ವ ಕಬ್ಬಿನ ಗದ್ದೆಯ ಕೂಲಿ ಮಾಡಿ ಅವನನ್ನು ಸಾಕಿದ ಹೆಂಗಸು. ಅವಳ ಗೋಡೆಯ ಮೇಲೆ ಇದ್ದದ್ದು ಬುದ್ಧನ ಫೋಟೊ ಒಂದೇ. ಪೊಲೀಸರು ಅದನ್ನೂ ತೆಗೆದು ಹಿಂದೆ ಏನಿದೆ ಎಂದು ನೋಡಿ ಹೋದರು. ನಮ್ಮ ಠಾಣೆಯವರನ್ನು ಕೇಳಿದರೆ, “ದಿಲ್ಲಿಯವರ ಮುಂದ ನಮ್ದೇನ ನಡೀತೈತ್ರಿ,” ಎಂದು ಕೈ ಕೊಡವಿದರು.

ಅಲ್ಲಿಂದ ಊರಿಗೆ ಒಂದು ನಮೂನೆ ಚಳಿ ಹಿಡಿಯಿತು. ಪಂಪು ಕಳುವಾದರೂ ಯಾರೂ ಠಾಣೆಗೆ ಹೋಗುತ್ತಿರಲಿಲ್ಲ. ಹೊಸ ಕಾರ್ಡಿಗೆ ಬೆರಳಚ್ಚು ತೆಗೆದುಕೊಳ್ಳಲು ಬಂದವರಿಗೆ ದಂಡೆಯ ಓಣಿಯವರು ಬಾಗಿಲೇ ತೆರೆಯಲಿಲ್ಲ. “ಹೆಬ್ಬೆಟ್ಟ ಕೊಟ್ಟ ಮ್ಯಾಲ ಅದನ್ನ ಯಾವ ಪಿಸ್ತೂಲಿಗೆ ಹಚ್ಚತಾರೋ ಏನೋ,” ಎಂದು ಒಬ್ಬ ಅಜ್ಜಿ ಅಂದಳಂತೆ. ನಾವೆಲ್ಲ ನಕ್ಕೆವು. ನಕ್ಕವರಲ್ಲಿ ಬೆರಳಚ್ಚು ಕೊಡಲು ಮುಂದೆ ಬಂದವರು ಕಡಿಮೆ.

ಆ ಅಪನಂಬಿಕೆಯಲ್ಲಿ ದಿಲ್ಲಿಯ ಪಾಲು ದಿಲ್ಲಿಗೆ ಮುಟ್ಟಲೇ ಇಲ್ಲ. ಅದು ನಮ್ಮ ಗೋಡೆಯ ಆಚೆಗಿನ ಮನೆಗೆ ಬಂತು. ‘ಕರೆದು ಕೊಲ್ಲಿಸಿದ’ ಎಂಬ ಮಾತು ಚಾದಂಗಡಿಯಲ್ಲಿ ಹುಟ್ಟಿ ಓಣಿಗಳಲ್ಲಿ ಬೆಳೆಯಿತು. ಕುಸ್ತಿ ಕಮಿಟಿಯವರು ಕಾಕಾನನ್ನು ಕರೆಯುವುದು ಬಿಟ್ಟರು. ಕೆಲವು ವರ್ಷಗಳ ಮೇಲೆ ಮತ್ತೆ ಕರೆದರು, ಆಗ ಇವರೇ ಹೋಗಲಿಲ್ಲ. ಭೋಂಗಾವನ್ನು ಆಟೊದವನಿಗೇ ಕೊಟ್ಟುಬಿಟ್ಟರು. ಕಾಕು ಈಗ ಉಪ್ಪಿನ ಬಗ್ಗೆ ದೂರುತ್ತಿರಲಿಲ್ಲ. “ಒಂದ್ಸಲರ ಒದರ್ರಿ ಅಂತೇನಿ, ಒದರೂದಿಲ್ಲ,” ಎಂದು ನನ್ನ ಮುಂದೆ ಕಣ್ಣೊರೆಸಿಕೊಂಡರು.

ಸಿದ್ದುವಿನ ಸಾವಿನ ಸರ್ಕಾರಿ ವಿಚಾರಣೆಗೆ ಮೊದಲು ಸಾದಾ ಬಟ್ಟೆಯ ಇಬ್ಬರು ಅವರ ಮನೆಗೆ ಬಂದಿದ್ದರು. ನಾನೇ ಚಹಾ ಮಾಡಿಕೊಟ್ಟೆ, ಕಾಕು ತವರಿಗೆ ಹೋಗಿದ್ದರು. ಒಬ್ಬ ಬಹಳ ನಯವಾಗಿ, ಹುಡುಗ ಕೈ ಕೆಳಗಿಳಿಸಿದ್ದನಲ್ಲವೇ, ಟವೆಲಿನ ಒಳಗೆ ಏನೋ ಇದ್ದಂತಿತ್ತಲ್ಲವೇ ಎಂದು ಹಿಂದಿಯಲ್ಲಿ ಕೇಳಿದ. ಕಾಕಾ ಇಲ್ಲವೆಂದರು. “ಆಪ್ ತೋ ಹಮಾರೀ ತರಫ್ ಕೇ ಹೈಂ,” ನೀವು ನಮ್ಮ ಕಡೆಯವರೇ, ಎಂದ ಇನ್ನೊಬ್ಬ.

ಕಾಕಾ ಕನ್ನಡದಲ್ಲೇ ಹೇಳಿದರು: “ನಿವೇದಕಗ ಕಡೆ ಅಂತ ಇರೂದಿಲ್ರಿ ಸಾಹೇಬ್ರ. ಕಂಡದ್ದ ಹೇಳಾಂವ ಅಂವ.” ಅದನ್ನು ಹಿಂದಿಗೆ ಮಾಡು ಎಂದು ನನ್ನ ಕಡೆ ನೋಡಿದರು. ನಾನು ಮಾಡಿದೆ. ಅವರು ಚಹಾ ಪೂರ್ತಿ ಕುಡಿಯದೆ ಎದ್ದರು.

ವಿಚಾರಣೆ ವರ್ಷಗಟ್ಟಲೆ ನಡೆಯಿತು. ಒಮ್ಮೆ ಸಾಹೇಬರಿಗೆ ವರ್ಗ, ಒಮ್ಮೆ ಚುನಾವಣೆ, ಒಮ್ಮೆ ದಿಲ್ಲಿಯವರು ಬರಲಿಲ್ಲ. ಕಾಕಾ ಮಾತ್ರ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಪ್ರತಿ ಸಲ ಹೋಗುತ್ತಿದ್ದರು. ಕೇಳಿದಾಗಲೆಲ್ಲ ಹೇಳಿದ್ದು ಒಂದೇ ಮಾತು: “ನಾ ಬಾ ಅಂದೆ. ಸಿದ್ದು ಬಂದ. ಕೈ ಮ್ಯಾಲ ಇದ್ದುವ್ರಿ.” ಸಂಜೆಯ ಬಸ್ಸಿನಲ್ಲಿ ನನ್ನ ಪಕ್ಕ ಕೂತು ನಿದ್ದೆ ಹೋಗುತ್ತಿದ್ದರು. ಆ ಹೊತ್ತಿಗೆ ಊರಿಗೂ ಸಿದ್ದುವಿನ ವಿಷಯ ಸಾಕಾಗಿತ್ತು. ನನಗೂ ಸಾಕಾಗಿತ್ತು ಎಂದು ಹೇಳಿಬಿಡುತ್ತೇನೆ. ಏನಾಗುತ್ತದೆ ಇದರಿಂದ ಎಂದು ಒಂದು ದಿನ ಕೇಳಿಯೂ ಬಿಟ್ಟೆ. “ಏನೂ ಆಗೂದಿಲ್ಲ. ಆದ್ರ ಸೋತಾವನ ಹೆಸರ ಯಾರರ ಹೇಳಬೇಕಲ್ಲ,” ಎಂದರು.

ಕೊನೆಗೆ ವರದಿ ಬಂತು. ಗುಂಡಿನ ಚಕಮಕಿಯ ನಡುವೆ ಸಾವು, ಯಾರ ಗುಂಡೆಂದು ಹೇಳಲಾಗದು. ಸಿದ್ದು ತಪ್ಪಿತಸ್ಥ ಎಂದೂ ಇಲ್ಲ, ಅಲ್ಲ ಎಂದೂ ಇಲ್ಲ. ಕಾಕಾ ಕೇಳಿಸಿಕೊಂಡು ಟೊಪ್ಪಿಗೆ ತೆಗೆದು, ತಲೆ ಕೆರೆದುಕೊಂಡು, ಮತ್ತೆ ಹಾಕಿಕೊಂಡರು.

ಇದೆಲ್ಲ ಆಗಿ ಹತ್ತು ವರ್ಷವಾಗುತ್ತ ಬಂದಾಗ ಕೃಷ್ಣೆ ಊರೊಳಗೆ ಬಂದಳು. ಮೇಲಿನ ಊರುಗಳಲ್ಲಿ ಮಳೆ, ನಮ್ಮಲ್ಲಿ ನೀರು. ದಂಡೆಯ ಓಣಿಯವರು ಒಂದು ಮಾಳಿಗೆಯ ಮೇಲೆ ಹತ್ತಿ ಕೂತಿದ್ದರು, ಅವರಲ್ಲಿ ಸಿದ್ದುವಿನ ಅವ್ವನೂ ಇದ್ದಳು. ಕೇಂದ್ರದ ರಕ್ಷಣಾ ಪಡೆಯ ದೋಣಿ ಅವರ ಹತ್ತಿರ ಹೋಗಿ ಬರಿದೇ ಮರಳಿತು. “ಆತೇ ನಹೀ,” ಎಂದ ಜವಾನ. ಏಕೆ ಬರಲೊಲ್ಲರೆಂದು ಅವನಿಗೆ ಅರ್ಥವಾಗಿರಲಿಲ್ಲ. ಹಿಂದಿಯಲ್ಲಿ, ಭೋಂಗಾದಲ್ಲಿ, ಯೂನಿಫಾರ್ಮ್ ತೊಟ್ಟವರು ಹೊರಗೆ ಬನ್ನಿ ಎಂದು ಕರೆದಿದ್ದರು. ನಮ್ಮೂರಲ್ಲಿ ಅದಕ್ಕೆ ಹೇಗೆ ಬರುತ್ತಾರೆ?

ಪಂಚಾಯ್ತಿಯವರು ಕಾಕಾನನ್ನು ಕರೆತಂದರು. ಜವಾನ ಭೋಂಗಾ ಚಾಚಿದ. ಕಾಕಾ ಅದನ್ನು ಮುಟ್ಟಲಿಲ್ಲ, ಸುಮ್ಮನೆ ದೋಣಿ ಹತ್ತಿದರು. ಹೆಣ್ಣುಮಕ್ಕಳಿದ್ದಾರೆಂದು ನಾನೂ ಹತ್ತಿದೆ.

ಮಾಳಿಗೆಗೆ ದೋಣಿ ತಾಗಿದಾಗ ಸಿದ್ದುವಿನ ಅವ್ವ ಕೂತಲ್ಲಿಂದ ಏಳದೆ ಕೇಳಿದಳು: “ಮತ್ತ ಕರಿಯಾಕ ಬಂದೀರೇನ್ರಿ?”

“ಕರಿಯಾಕ ಬಂದಿಲ್ಲ ಯವ್ವಾ. ಕುಂದ್ರಾಕ ಬಂದೇನಿ.”

ಹಾಗೆಂದವರೇ ಮಾಳಿಗೆಗೆ ಹತ್ತಿ ಅವಳಿಂದ ಸ್ವಲ್ಪ ದೂರ ಕೂತರು. “ನೀವು ಹೋಗ್ರಿ. ಇವರು ಬಂದಾಗ ನಾ ಬರತೇನಿ. ಇವರು ಬರದಿದ್ರ ನಾನೂ ಬರೂದಿಲ್ಲ,” ಎಂದು ನನಗೆ ಹೇಳಿದರು. ನೀರು ಏರುತ್ತಿತ್ತು. ನಾನು ಬೈದೆ, ಅತ್ತುಬಿಟ್ಟೆ. ಅವರು ತಮ್ಮ ಕೇಳದ ಕಿವಿಯನ್ನು ನನ್ನ ಕಡೆ ತಿರುಗಿಸಿ ಕೂತರು. ದೋಣಿ ಬೇರೆ ಓಣಿಗೆ ಹೋಗಬೇಕಿತ್ತು, ಹೋಯಿತು.

ನಾವು ತಿರುಗಿ ಬಂದಾಗ ನೀರು ಮಾಳಿಗೆಯ ಅಂಚು ಮುಟ್ಟಿತ್ತು. ಎಲ್ಲರೂ ಎದ್ದು ನಿಂತಿದ್ದರು. ಸಿದ್ದುವಿನ ಅವ್ವ ಕಾಕಾನ ಪಕ್ಕಕ್ಕೇ ಬಂದಿದ್ದಳು. ನನಗೆ ಕೇಳಿಸಿದ್ದು ಅವಳ ಒಂದೇ ಮಾತು: “ಅವತ್ತೂ ಹಿಂಗ ಒಳಗ ಬರಬೇಕಿತ್ರಿ ನೀವು.” ಕಾಕಾ ತಲೆ ಬಾಗಿಸಿದರು.

ಜವಾನ ತೇಲುವ ಕೋಟು ಹಿಡಿದು ಅವಳ ಮುಂದೆ ಬಂದ. ತನ್ನ ತಾಯಿಗೆ ಹೇಳುವಷ್ಟೇ ಮೃದುವಾಗಿ, “ಮಾಜೀ, ಹಾಥ್ ಊಪರ್,” ಎಂದ. ಕೋಟು ತೊಡಿಸಲು ಕೈ ಮೇಲೆ ಮಾಡಬೇಕಲ್ಲ. ಅವಳು ಕಲ್ಲಾದಳು. ಆ ಎಳೆಯ ಜವಾನನಿಗೆ ತಾನೇನು ತಪ್ಪು ಮಾಡಿದೆ ಎಂದು ಹೇಗೆ ಗೊತ್ತಾಗಬೇಕು?

ಕಾಕಾ ಅವರಿಬ್ಬರ ನಡುವೆ ಬಂದು ನಿಂತರು. ತಮ್ಮ ಎರಡೂ ಕೈಗಳನ್ನು ಮೇಲೆತ್ತಿದರು. ಜವಾನ ಕೋಟನ್ನು ಅವರಿಗೆ ತೊಡಿಸಿ, ಪಟ್ಟಿ ಬಿಗಿದ. ಕಾಕಾ ದೋಣಿಗೆ ಇಳಿದು, ತಿರುಗಿ ನಿಂತು, ಒಂದು ಕೈ ಚಾಚಿದರು. ಬಾ ಎಂದು ಅನ್ನಲಿಲ್ಲ. ಅವಳು ಬಹಳ ಹೊತ್ತು ಆ ಕೈ ನೋಡಿದಳು. ಆಮೇಲೆ ಹಿಡಿದುಕೊಂಡು ಇಳಿದಳು. ಅವಳ ಹಿಂದೆ ಉಳಿದವರೆಲ್ಲ ಇಳಿದರು.

ಆ ಚಳಿಗಾಲ ದಾಟುವ ಮೊದಲೇ ಕಾಕಾ ತೀರಿಕೊಂಡರು. ನೆಗಡಿ ಎಂದರು, ಎದೆಯಲ್ಲಿ ಕಫ ಎಂದರು, ಮಿರಜಕ್ಕೆ ಒಯ್ಯುವಷ್ಟರಲ್ಲಿ ಮುಗಿದಿತ್ತು. ಮೈದಾನ ತುಂಬುವಷ್ಟು ಜನ ಬರಲಿಲ್ಲ. ಹೆದರುವ ಹೊತ್ತಿನಲ್ಲಿ ಕಂಡದ್ದನ್ನೇ ಹೇಳುವುದನ್ನು ನನಗೆ ಕಲಿಸಿದವರು ಅವರು. ಅದಕ್ಕೆ ಪ್ರತಿಯಾಗಿ ನಾನು ಅವರಿಗೆ ಏನೂ ಕೊಡಲಿಲ್ಲ.

ಎಲ್ಲರೂ ಹೋದ ಮೇಲೆ ಸಿದ್ದುವಿನ ಅವ್ವ ಬಂದಳು. ಹೊಸ್ತಿಲ ಹೊರಗೇ ನನ್ನ ಪಕ್ಕ ಕೂತಳು. ಮೆಲ್ಲಗೆ ಕೇಳಿದಳು:

“ಬಾಯೋರ, ಕಾಕಾರಿಗೆ ನಿಮ್ಮದ ತಪ್ಪಿಲ್ಲಂತ ಹೇಳಬೇಕಂದಿದ್ನಿ. ಬಾಯಿ ಬರಲಿಲ್ರಿ. ದೋಣ್ಯಾಗ ಕೈ ಅಷ್ಟ ಗಟ್ಟ್ಯಾಗಿ ಹಿಡದಿದ್ನಿ. ಅವರಿಗೆ ತಿಳದಿದ್ದೀತೇನ್ರಿ?”

“ತಿಳದೈತಿ,” ಎಂದೆ. ನನಗೆ ಗೊತ್ತಿರಲಿಲ್ಲ.