ಹಗೇವಿನಲ್ಲಿ ತಲೆಕೆಳಗಾಗಿದ್ದ ಊರು

‘ವಿಶೇಷ ಏನೂ ಇಲ್ಲ’ ಎಂಬ ಮೂರು ಶಬ್ದ ನಮ್ಮೂರಿನ ಹೆಸರಿನ ಮುಂದೆ ಕಾಯಂ ಆಗಿ ಕೂತುಬಿಡುವುದರಲ್ಲಿತ್ತು. ಅದನ್ನು ತಪ್ಪಿಸಿದವಳು ನಮ್ಮ ಆಯಿ, ಅಂದರೆ ನನ್ನ ಅಪ್ಪನ ತಾಯಿ. ತಪ್ಪಿಸಿದ್ದು ಮಣ್ಣು ಜರಡಿ ಹಿಡಿಯುವ ಒಂದು ಹಳೆಯ ಸಾಣಿಗೆಯಿಂದ. ಅದನ್ನು ನೆನೆದರೆ ಈಗಲೂ ನನಗೆ ಕೂತಲ್ಲಿ ಕೂರಲಾಗುವುದಿಲ್ಲ.

ತೊಂಬತ್ತರ ದಶಕದ ಕೊನೆಯ ಮಾತು. ಬಸವನ ಬಾಗೇವಾಡಿ ತಾಲೂಕಿನಲ್ಲಿ, ಕೃಷ್ಣೆಯ ದಂಡೆಯ ಮೇಲಿದ್ದ ನಮ್ಮೂರು ಮುಳುಗಡೆಯ ಪಟ್ಟಿಯಲ್ಲಿತ್ತು. ಆಲಮಟ್ಟಿಯ ಹಿನ್ನೀರು ವರ್ಷಕ್ಕೊಂದಿಷ್ಟು ಹೊಲ ನುಂಗುತ್ತಾ ಮೇಲೆ ಬರುತ್ತಿತ್ತು. ಅಪ್ಪ ಅವ್ವ ಹೊಸ ಊರಿನಲ್ಲಿ ಮನೆ ಕಟ್ಟಿಸುವ ಗದ್ದಲದಲ್ಲಿದ್ದರು. ಹಳೆಯ ಮನೆಯಲ್ಲಿ ಆಯಿ ಮತ್ತು ನಾನು. ನಾನು ಊರ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ. ಇಪ್ಪತ್ನಾಲ್ಕು ವಯಸ್ಸು, ಮೂಗಿನ ತುದಿಯಲ್ಲಿ ಸಿಟ್ಟು, ಮದುವೆಯ ಮಾತು ತೆಗೆದವರ ಜೊತೆ ಜಗಳ.

ನನಗೊಂದು ಹುಚ್ಚಿತ್ತು. ಎಲ್ಲಿಯಾದರೂ ನೆಲದಿಂದ ಏನಾದರೂ ಹಳೆಯದು ಎದ್ದು ಬಂತೆಂದರೆ ಆ ಸುದ್ದಿಯನ್ನು ಪೇಪರಿನಿಂದ ಕತ್ತರಿಸಿ ವಹಿಯಲ್ಲಿ ಅಂಟಿಸುವುದು. ಹಿಮದಲ್ಲಿ ಸಾವಿರಾರು ವರ್ಷ ಕೆಡದೆ ಮಲಗಿದ್ದ ಮನುಷ್ಯ, ಈಜಿಪ್ತದ ಗೋರಿ, ಕಚ್ಛದ ಉಪ್ಪುನೆಲದಲ್ಲಿ ಕಲ್ಲಿನ ಕೆರೆಗಳಿದ್ದ ಊರು. ಪೇಪರು ಬಸ್ಸಿನಲ್ಲಿ ಬಂದು ಮುಟ್ಟುವಾಗ ಮಧ್ಯಾಹ್ನವಾಗುತ್ತಿತ್ತು. ನಾನು ನಿಂತುಕೊಂಡೇ ಓದುತ್ತಿದ್ದೆ.

“ಈಜಿಪ್ತದಾಗ ಯಾರ ಗಡಿಗಿ ಒಡದರೂ ಈಕಿಗಿ ಗೊತ್ತಾಗತೈತಿ, ಒಲಿ ಮ್ಯಾಲ ಹಾಲು ಉಕ್ಕಿದ್ದು ಗೊತ್ತಾಗೂದಿಲ್ಲ” ಎಂದು ಆಯಿ ಓಣಿಗೆಲ್ಲ ಕೇಳುವ ಹಾಗೆ ಹೇಳುತ್ತಿದ್ದಳು.

ನಮ್ಮೂರಿಗೂ ಒಂದು ದಿಬ್ಬವಿತ್ತು. ಅದನ್ನು ಯಾರೂ ಪೇಪರಿನಲ್ಲಿ ಬರೆದಿರಲಿಲ್ಲ. ಯಾವುದೋ ಕಾಲದಲ್ಲಿ ಹಾಳಾದ ಊರು ಅಂತ ಅದಕ್ಕೆ ಹಾಳೂರ ದಿಬ್ಬ ಎನ್ನುತ್ತಿದ್ದೆವು. ಅದರ ಬೂದುಬಣ್ಣದ ಮಣ್ಣೇ ಹಾಳಮಣ್ಣು. ನಮ್ಮ ಕಡೆಯ ಮನೆಗಳ ಮಾಳಿಗೆ ಮಣ್ಣಿನದು, ಸಪಾಟು. ಜೂನಿನ ಮಿರಗದ ಮಳೆಗೆ ಮುಂಚೆ ಅದರ ಮೇಲೆ ಹೊಸ ಹಾಳಮಣ್ಣು ಹರವಿ ತುಳಿದರೆ ನೀರು ಇಳಿಯುವುದಿಲ್ಲ. ದಿಬ್ಬದಲ್ಲಿ ಒಂದೊಂದು ಮನೆತನಕ್ಕೆ ಒಂದೊಂದು ಜಾಗ. ಇನ್ನೊಬ್ಬರ ಜಾಗದಲ್ಲಿ ಗುದ್ದಲಿ ಇಟ್ಟರೆ ಹೊಡೆದಾಟವೇ. ಹೀಗೆ ತಲೆಮಾರುಗಟ್ಟಲೆ ಎಲ್ಲರೂ ಮೇಲಿನಿಂದ ಕೆಳಕ್ಕೆ ಅಗೆಯುತ್ತಾ ಬಂದಿದ್ದರು.

ಆ ವರ್ಷ ಬೇಸಿಗೆ ರಜೆಯಲ್ಲಿ, ಮುಳುಗುವ ಊರುಗಳನ್ನು ನೋಡಿಕೊಂಡು ಬರಲು ಒಬ್ಬ ಪುರಾತತ್ವದ ಸಂಶೋಧಕರು ಬಂದರು. ಮೈಸೂರು ಕಡೆಯವರು, ಐವತ್ತರ ಆಚೆ ಈಚೆ, ತಲೆಗೆ ಟವೆಲ್ಲು, ಜೊತೆಗೆ ಇಬ್ಬರು ವಿದ್ಯಾರ್ಥಿಗಳು. ನಾನು ಅವರನ್ನು ಸರ್ ಎನ್ನುತ್ತಿದ್ದೆ. ಅವರು ದಿಬ್ಬದ ಮೇಲೆ ಹಗ್ಗ ಕಟ್ಟಿ ಚೌಕಾಕಾರದ ಕುಣಿ ತೋಡತೊಡಗಿದ ದಿನವೇ ನಾನು ರೊಟ್ಟಿ ಗಂಟು ಹಿಡಿದುಕೊಂಡು ಅಲ್ಲಿ ಹಾಜರಾದೆ. ನನ್ನ ವಹಿಯೊಳಗಿನ ಜಗತ್ತು ತಾನಾಗಿ ನಡೆದುಕೊಂಡು ಮನೆ ಬಾಗಿಲಿಗೆ ಬಂದಿತ್ತು! ಮಣ್ಣು ಸೋಸುವ, ಮಡಕೆಯ ಚೂರು ತೊಳೆಯುವ ಕೆಲಸವೆಲ್ಲ ನಾನೇ ಕೇಳಿ ಇಸಿದುಕೊಂಡೆ.

ಸರ್ ಹುಡುಕುತ್ತಿದ್ದದ್ದು ಒಂದೇ ಒಂದು ಸಂಗತಿ. ಎರಡು ಸಾವಿರ ವರ್ಷಗಳ ಹಿಂದೆ ಈ ಹೊಳೆದಂಡೆಯಲ್ಲಿ ಮಣಿ ಮಾಡುವವರ ಊರೊಂದು ಇತ್ತೆಂಬುದು ಅವರ ನಂಬಿಕೆ. “ಪೂರ್ತಿಯಾದ ಮಣಿ ಸಿಕ್ಕರೆ ಪ್ರಯೋಜನವಿಲ್ಲ ಮೇಡಂ. ಅದು ಯಾರದೋ ಕೊರಳಲ್ಲಿ ಎಲ್ಲಿಂದಲೋ ಬಂದಿರಬಹುದು. ಅರ್ಧ ಮಾಡಿದ ಮಣಿ ಬೇಕು. ಕೆಟ್ಟುಹೋದ ಮಣಿಯನ್ನು ಯಾರೂ ಹೊತ್ತು ತರೋದಿಲ್ಲ, ಮಾಡಿದಲ್ಲೇ ಬಿಸಾಕ್ತಾರೆ” ಎಂದರು. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಆದರೆ ಕುಣಿ ಕೈಕೊಟ್ಟಿತು. ಎರಡು ಮೊಳ ಅಗೆಯುವುದರೊಳಗೆ ಕಲ್ಲಿನ ಕೊಡಲಿಯ ಕಾಲದ ಬೂದಿ ಬಂತು, ದನಗಳ ಎಲುಬು ಬಂತು. ಅದು ಬಹಳ ಹಳೆಯದು, ಅದರ ಮೇಲೆ ಇರಬೇಕಾಗಿದ್ದ ಮಣಿಯವರ ಊರು ಇರಲಿಲ್ಲ. ಇನ್ನೊಂದು ಕುಣಿ, ಮತ್ತೊಂದು ಕುಣಿ, ಅದೇ ಕಥೆ. ಸರ್ ಟವೆಲ್ಲಿನಿಂದ ಮುಖ ಒರೆಸಿಕೊಂಡು ಹೇಳಿದರು, “ಮೇಲಿನ ಪದರವನ್ನೇ ಯಾರೋ ಹಾಲಿನ ಕೆನೆ ತೆಗೆದ ಹಾಗೆ ತೆಗೆದುಬಿಟ್ಟಿದ್ದಾರೆ. ನಾಡಿದ್ದು ಕುಣಿ ಮುಚ್ಚಿಸ್ತೀನಿ. ಮಣಿಯ ಊರಿನ ಬಗ್ಗೆ ವಿಶೇಷ ಏನೂ ಇಲ್ಲ ಅಂತಲೇ ಬರೀಬೇಕಾಗುತ್ತೆ.”

ಯಾರು ತೆಗೆದರೆಂದು ನನಗೆ ಗೊತ್ತಿತ್ತು. ಅವಮಾನದಿಂದ ಕಿವಿ ಬಿಸಿಯಾಯಿತು. ಅವರ ಎರಡು ಸಾವಿರ ವರ್ಷದ ಊರನ್ನು ನಾವು ಬುಟ್ಟಿಯಲ್ಲಿ ಹೊತ್ತು ತಂದು ಮಾಳಿಗೆಗೆ ಹಾಕಿ ಅದರ ಮೇಲೆ ಹಪ್ಪಳ ಒಣಗಿಸಿದ್ದೆವು! ಹೇಗೂ ಮುಳುಗುವ ಊರು. ಮುಳುಗಿದ ಮೇಲೆ ಮತ್ತೆ ಅಗೆಯಲಿಕ್ಕೆ ಯಾರೂ ಬರುವುದಿಲ್ಲ. ಬರೆದದ್ದೇ ಕೊನೆಯ ಮಾತು. ಅದು ‘ಏನೂ ಇಲ್ಲ’ ಆಗಬಾರದಿತ್ತು.

ಮನೆಗೆ ಓಡಿದೆ. ಆಯಿ ಕಟ್ಟೆಯ ಮೇಲೆ ಕೂತು ಸಾಣಿಗೆಗೆ ಹೊಸ ದಾರ ಹೊಲಿಯುತ್ತಿದ್ದಳು. ಬಿಡುವ ಮನೆಯಾದರೂ ಆ ವರ್ಷದ ಹಾಳಮಣ್ಣು ಹಾಕಿಯೇ ತೀರಬೇಕೆಂಬುದು ಅವಳ ಹಟ.

“ಆಯಿ, ಮಾಳಿಗಿ ಅಗೀಬೇಕು” ಎಂದೆ.

“ತಲಿ ಕೆಟ್ಟೈತೇನ ನಿಂದು? ಮಿರಗ ಬಂತು. ಅರವತ್ತು ವರ್ಷದಾಗ ಈ ಮನಿ ಒಂದ ಹನಿ ಸೋರಿಲ್ಲ.”

“ಅದರಾಗ ಹಳೇ ಊರಿನ ಚೂರು ಅದಾವ. ಸರ್‌ಗೆ ಬೇಕಾಗ್ಯಾವ.”

ಆಯಿ ನನ್ನನ್ನು ಕನಿಕರದಿಂದ ನೋಡಿದಳು. “ನನ್ನ ಮಾಳಿಗ್ಯಾಗ ಚೂರು ಎಲ್ಲಿಂದ ಬರ್ತಾವ? ಬ್ಯಾರೆ ಮಂದಿ ಹಂಗ ತಂದು ಹಂಗ ಸುರೀತಾರ, ಚೂರಿನ ಮಗ್ಗಲಿಂದ ನೀರು ಇಳೀತೈತಿ, ಮನಿ ಸೋರತೈತಿ. ನಾ ಸಾಣಿಸದ ಒಂದ ಬುಟ್ಟಿ ಮಣ್ಣೂ ಮ್ಯಾಲ ಏರಿಸಿಲ್ಲ.”

ನಾನು ಅವಳ ಮುಂದೆ ಕುಕ್ಕರಿಸಿದೆ. “ಸಾಣಿಸಿದ ಮ್ಯಾಲ ಚೂರು ಏನ್ ಮಾಡ್ತಿದ್ದಿ?”

“ಏನ್ ಮಾಡ್ತಾರ? ಹಗೇವಿನಾಗ ಒಗೀತಾರ.”

ಹಗೇವು ಅಂದರೆ ಮನೆಯ ಮುಂದೆ ನೆಲದೊಳಗೆ ಜೋಳ ಇಡಲು ತೋಡಿದ ಗುಂಡಿ. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು, ಮೇಲೊಂದು ಹಾಸುಗಲ್ಲು. ನಮ್ಮ ಹಗೇವಿಗೆ ಆಯಿಯ ಅತ್ತೆಯ ಕಾಲದಲ್ಲೇ ನೀರು ಹೊಕ್ಕು ಜೋಳ ಕೆಟ್ಟು, ಅದನ್ನು ಕೈಬಿಟ್ಟಿದ್ದರು. ಆ ಹಾಸುಗಲ್ಲಿನ ಮೇಲೆ ಕೂತು ನಾನು ಅಕ್ಷರ ಕಲಿತಿದ್ದೆ. ಈಜಿಪ್ತದ ಸುದ್ದಿಯನ್ನೂ ಅಲ್ಲೇ ಕೂತು ಅಂಟಿಸಿದ್ದೆ. ಚಪ್ಪಲಿ ಮೆಟ್ಟುವುದನ್ನೂ ಮರೆತು ದಿಬ್ಬಕ್ಕೆ ಓಡಿದೆ.

ಮರುದಿನ ಬೆಳಗ್ಗೆ ನಮ್ಮ ಅಂಗಳದಲ್ಲಿ ಓಣಿಯೇ ಸೇರಿತ್ತು. ಹಾಸುಗಲ್ಲು ಸರಿಸಿದರು. ಪಕ್ಕದ ಮನೆಯ ಕಾಕಾ ಹಗೇವಿಗೆ ಇಳಿದು ರೂಢಿಯಿದ್ದವನು. ಬಹಳ ದಿನ ಮುಚ್ಚಿದ ಹಗೇವಿನಲ್ಲಿ ಉಸಿರುಗಟ್ಟುತ್ತದೆ, ಹಾಗೆಯೇ ಇಳಿದವರು ಸತ್ತದ್ದುಂಟು. ಕಾಕಾ ಮೊದಲು ಕಂದೀಲು ಇಳಿಬಿಟ್ಟ. ಕಂದೀಲು ಆರಿತು. ಒಂದು ತಾಸು ಕಾಯಬೇಕೆಂದ. ಆ ಒಂದು ತಾಸು ನಾನು ಅಂಗಳದಲ್ಲಿ ಎಷ್ಟು ಸಲ ಸುತ್ತಿದೆನೋ, ಆಯಿ ಬೈದು ಒಂದು ಕಡೆ ಕೂರಿಸಿದಳು. ಎರಡನೆಯ ಸಲ ದೀಪ ಉರಿಯಿತು. ಕಾಕಾ ಸಲಿಕೆ ಹಿಡಿದು ಇಳಿದ. ಜೋಳ ತೆಗೆಯುವ ಕೈ ಅದು, ನಡುವಿನಿಂದಲೇ ಬಾಚಿ ಬುಟ್ಟಿ ತುಂಬತೊಡಗಿದ.

ಸರ್ “ನಿಲ್ಲಿಸಿ, ನಿಲ್ಲಿಸಿ” ಎನ್ನುವ ಮೊದಲೇ ಆಯಿ ಬಗ್ಗಿ ಗುಡುಗಿದಳು. “ಏ, ಕಲಸಬ್ಯಾಡೋ! ವರ್ಷ ವರ್ಷದ್ದು ಬ್ಯಾರೆ ಬ್ಯಾರೆ ಐತಿ!”

ಸರ್ ಅವಳ ಕಡೆ ತಿರುಗಿದರು. “ಬೇರೆ ಬೇರೆ ಅಂದರೆ ಏನು ಅಜ್ಜಿ?”

“ಬರೇ ಚೂರು ಒಗದರ ಚೇಳು ಮನಿ ಮಾಡ್ತಾವ ತಮ್ಮಾ. ಅದಕ್ಕ ವರ್ಷಾ ಸಾಣಿಸೂದು ಮುಗದ ಮ್ಯಾಲ ಒಂದು ಬುಟ್ಟಿ ಒಲಿ ಬೂದಿ ಹಾಕೂದು.”

ಸರ್ ಕಂದೀಲು ಹಿಡಿದು ತಾವೇ ಇಳಿದರು. ಆಮೇಲೆ ನನ್ನನ್ನು ಕೂಗಿದರು. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಇಳಿದೆ. ಕಾಕಾ ಬಾಚಿದ ಗುಂಡಿಯ ಗೋಡೆಯಲ್ಲಿ ಚೂರಿನ ದಪ್ಪ ಪದರ, ಅದರ ಕೆಳಗೆ ಬೂದಿಯ ತೆಳ್ಳನೆಯ ಬಿಳಿ ಗೆರೆ, ಮತ್ತೆ ಚೂರು, ಮತ್ತೆ ಗೆರೆ. ಕಾಣುವಷ್ಟು ಆಳದ ತನಕ ಹಾಗೆಯೇ. ಸರ್ ಆ ಗೆರೆಗಳ ಮೇಲೆ ಬೆರಳಾಡಿಸುತ್ತಾ ಹೇಳಿದರು,

“ಮೇಡಂ, ನಿಮ್ಮ ಮನೆಯವರು ಒಂದೇ ಜಾಗದಲ್ಲಿ, ಮೇಲಿನಿಂದ ಕೆಳಗೆ ಅಗೆದಿದ್ದಾರೆ ತಾನೆ? ಹಾಗಾದರೆ ದಿಬ್ಬದ ತುದಿ ಇಲ್ಲಿ ತಳದಲ್ಲಿದೆ. ನಿಮ್ಮ ದಿಬ್ಬ ಇಲ್ಲಿ ತಲೆಕೆಳಗಾಗಿ ನಿಂತಿದೆ!”

ನಾನು ಕಿರುಚಿದೆ. ನಿಜವಾಗಿ ಕಿರುಚಿದೆ. ಮೇಲಿದ್ದವರು ನನಗೆ ಚೇಳು ಕಡಿಯಿತೆಂದು ಹಗ್ಗ ಬಿಟ್ಟರು.

ಕುಣಿ ಮುಚ್ಚುವ ಮಾತು ಅಲ್ಲಿಗೇ ನಿಂತಿತು. ನಾಲ್ಕು ದಿನ ಗೆರೆಗೆ ಗೆರೆ ಬಿಡಿಸಿದೆವು. ಆಯಿ ಮೇಲೆ ಕಟ್ಟೆಯಲ್ಲಿ ಕೂತು ಒಂದೊಂದು ಬುಟ್ಟಿಗೂ ಲೆಕ್ಕ ಹೇಳುತ್ತಿದ್ದಳು. ಗೆರೆ ದಪ್ಪಗಿದ್ದರೆ, “ಅದು ನಿಮ್ಮಪ್ಪನ ಲಗ್ನದ ವರ್ಷ, ಒಲಿ ತಿಂಗಳಗಟ್ಟಲೆ ಉರದಿತ್ತು.” ಚೂರು ಕಡಿಮೆಯಿದ್ದರೆ, “ಆ ವರ್ಷ ನಾ ಬಾಣಂತಿ, ತಂಗಡಗ್ಯಾಗ ತವರಮನ್ಯಾಗ ಇದ್ದೆ. ಯಾರು ಸಾಣಿಸಿದ್ರೋ ಏನೋ, ಆ ವರ್ಷ ಒಂದೆರಡು ಹನಿ ಇಳದಿದ್ದೂ ಇರಬೇಕು.” ಅರವತ್ತು ವರ್ಷದ ದಾಖಲೆಯಲ್ಲಿ ಅವಳು ಒಪ್ಪಿಕೊಂಡ ಸೋರಿಕೆ ಅದೊಂದೇ. ಸರ್ ಅದನ್ನೂ ಬರೆದುಕೊಂಡರು.

ಕೆಳಗಿಳಿದಂತೆ ಚೂರಿನ ಬಣ್ಣ ಬದಲಾಯಿತು. ಒರಟು ಬೂದುಬಣ್ಣ ಹೋಗಿ ಒಳಗೆ ಕಪ್ಪು ಹೊರಗೆ ಕೆಂಪಿನ ನುಣುಪು ಚೂರು ಬಂತು. ಶಂಖದ ಬಳೆಯ ತುಂಡು ಬಂತು. ಸಮುದ್ರ ಎಲ್ಲಿ, ನಮ್ಮ ಅಂಗಳ ಎಲ್ಲಿ! ಕೆಂಪು ಕಲ್ಲಿನ ಚಕ್ಕೆಗಳು ಹಿಡಿ ಹಿಡಿಯಾಗಿ ಬರತೊಡಗಿದಾಗ ಸರ್ ಊಟಕ್ಕೂ ಏಳದೆ ಒಂದೊಂದನ್ನೂ ಎಣಿಸತೊಡಗಿದರು. ನಾಲ್ಕನೆಯ ದಿನ, ತಳದ ಗೆರೆಯ ಕೆಳಗಿನ ಮಣ್ಣನ್ನು ಆಯಿಯದೇ ಸಾಣಿಗೆಯಲ್ಲಿ ಹಾಕಿ ನಾನು ಆಡಿಸುತ್ತಿದ್ದೆ. ಶೇಂಗಾ ಬೀಜದಷ್ಟು ದೊಡ್ಡ ಕೆಂಪು ಹರಳೊಂದು ಸಾಣಿಗೆಯ ಅಂಚಿಗೆ ಬಂದು ನಿಂತಿತು. ಒಂದು ತುದಿಯಲ್ಲಿ ತೂತು. ಇನ್ನೊಂದು ತುದಿಯಲ್ಲಿ ತೂತಿಲ್ಲ. ನಡುವೆ ಸೀಳು.

ಸರ್ ಅದನ್ನು ಬಿಸಿಲಿಗೆ ಹಿಡಿದರು. ಕೊರೆಯುತ್ತಾ ಕೊರೆಯುತ್ತಾ ಅರ್ಧಕ್ಕೆ ಬಂದಾಗ ಬಿರಿದಿತ್ತು. “ಇದೇ” ಎಂದರು. ನಾನು ಅಳುತ್ತಿದ್ದೆ, ನಗುತ್ತಲೂ ಇದ್ದೆ. ಕಾಕಾ ಏನೂ ತಿಳಿಯದೆ ಎಲ್ಲರಿಗೂ ಚಹಾ ತರಿಸಿದ.

ಆಯಿ ಹರಳನ್ನು ಅಂಗೈಯಲ್ಲಿ ಇಸಿದುಕೊಂಡು ಕಣ್ಣಿನ ಹತ್ತಿರ ತಂದಳು. ಅವಳ ಮುಖ ಒಮ್ಮೆಲೆ ಸಣ್ಣ ಹುಡುಗಿಯದಾಯಿತು.

“ಇದನ್ನ ನಾನ ಒಗದಿದ್ದೆ. ನಾ ಲಗ್ನಾಗಿ ಈ ಮನಿಗಿ ನಡೀಲಾಕ ಬಂದ ವರ್ಷ. ಮದಲನೇ ಸಲ ಸಾಣಿಗಿ ಹಿಡದಿದ್ದೆ, ಕೆಂಪಗ ಚೆಂದ ಕಂಡಿತು, ಸೆರಗಿಗಿ ಕಟಗೊಂಡೆ. ನಮ್ಮ ಅತ್ತಿ ನೋಡಿ, ಹಾಳೂರ ವಸ್ತು ಮೈಮ್ಯಾಲ ಇಟಗೋಬಾರದ, ಒಗಿ ಅಂದ್ಲು. ಒಗದೆ. ಎರಡು ದಿನ ಅತ್ತಿದ್ದೆ.”

ಎರಡು ಸಾವಿರ ವರ್ಷದ ಹಿಂದೆ ಯಾರೋ ಒಬ್ಬರು ಕೆಟ್ಟಿತೆಂದು ಬಿಸಾಕಿದ್ದು, ಅರವತ್ತು ವರ್ಷದ ಹಿಂದೆ ಇವಳು ಅತ್ತೆಯ ಮಾತಿಗೆ ಬಿಸಾಕಿದ್ದು. ನಾನು ಅವಳ ಕೈ ಹಿಡಿದುಕೊಂಡೆ.

ಸರ್ ಹರಳನ್ನು ಸಣ್ಣ ಚೀಲಕ್ಕೆ ಹಾಕಿ ಚೀಟಿ ಬರೆಯಲು ಕೂತರು. ಊರು, ತಾಲೂಕು ಬರೆದಾಯಿತು. ಆಮೇಲೆ ‘ಪದರ’ ಎಂಬ ಜಾಗದಲ್ಲಿ ಪೆನ್ನು ನಿಂತಿತು. ಅಲ್ಲಿ ಒಂದು, ಎರಡು ಎಂದು ಅಂಕಿ ಬರೆಯುವುದು ವಾಡಿಕೆ. ಸ್ವಲ್ಪ ಹೊತ್ತು ಯೋಚಿಸಿ, ಚೀಟಿಯಲ್ಲಿ ಹಿಡಿಸುವಷ್ಟು ಸಣ್ಣ ಅಕ್ಷರದಲ್ಲಿ ಬರೆದರು: ‘ಅಜ್ಜಿ ಈ ಮನೆಗೆ ನಡೆಯಲು ಬಂದ ವರ್ಷ.’ ಗಟ್ಟಿಯಾಗಿ ಓದಿಯೂ ತೋರಿಸಿದರು.

ಆಯಿ ಸೆರಗು ಬಾಯಿಗೆ ಒತ್ತಿಕೊಂಡಳು. ಆಮೇಲೆ ಸಾಣಿಗೆಯನ್ನು ನನ್ನ ಕೈಯಿಂದ ಕಸಿದುಕೊಂಡಳು. “ನಿಮ್ಮ ಕೆಲಸ ಮುಗೀತಲ್ಲ ತಮ್ಮಾ? ನಮ್ಮ ಮಾಳಿಗಿ ಬಾಕಿ ಐತಿ. ಬುಟ್ಟಿ ಹಿಡೀರಿ.”

ಒಂದು ಹಿಡಿ ಮಣ್ಣನ್ನೂ ಜಾಗ ಬಿಟ್ಟು ಕದಲಿಸಲು ಹೆದರುವ ಸರ್, ಅವರ ಇಬ್ಬರು ವಿದ್ಯಾರ್ಥಿಗಳು, ಕಾಕಾ, ನಾನು ಎಲ್ಲ ಸೇರಿ ಸಂಜೆಯ ತನಕ ಹಾಳಮಣ್ಣು ಹೊತ್ತೆವು. ಆಯಿ ಸಾಣಿಸಿದಳು. ಮೇಲೆ ತುಳಿಯುವಾಗ ಮಿರಗದ ಮೊದಲ ಗಾಳಿ ಬೀಸುತ್ತಿತ್ತು. ಕೆಳಗಿಳಿದು ಬಂದಾಗ ಸಾಣಿಗೆಯಲ್ಲಿ ಉಳಿದ ಚೂರುಗಳನ್ನು ಅವಳು ಖಾಲಿ ಹಗೇವಿಗೆ ಸುರಿದು, ಅದರ ಮೇಲೆ ಒಂದು ಬುಟ್ಟಿ ಬೂದಿ ಹಾಕಿದ್ದಳು.

ಆ ಮಳೆಗಾಲದಲ್ಲಿ ನಮ್ಮ ಮಾಳಿಗೆ ಎಲ್ಲಿಯೂ ಸೋರಲಿಲ್ಲ. ಶ್ರಾವಣದಲ್ಲಿ ಹೊಳೆಯ ನೀರು ಹೊಸ್ತಿಲಿಗೆ ಬಂದ ಮೇಲೆಯೇ ನಾವು ಮನೆ ಬಿಟ್ಟೆವು.